ನಾಲ್ಕು ಕೋರಿನವನು, ಎಂಟು ಕೋರಿನವನು

ನಾನು ಒಂದು ಪ್ರೊಸೆಸರ್. ಕಂಪ್ಯೂಟರ್ ಎಂದರೆ ಜನ ಪರದೆಯನ್ನು ತೋರಿಸುತ್ತಾರೆ. ಲೆಕ್ಕ ಹಾಕುವ ತಲೆ ಮಾತ್ರ ನಾನು. ಬಿಸ್ಕತ್ತಿನಷ್ಟು ಅಗಲವಾಗಿ, ಪೆಟ್ಟಿಗೆಯೊಳಗೆ ಸಣ್ಣ ಫ್ಯಾನಿನ ಕೆಳಗೆ ಕುಳಿತಿರುತ್ತೇನೆ. ನಾನು ಹುಟ್ಟಿದ ಕಾರ್ಖಾನೆಗೆ ಧೂಳಿನ ಒಂದು ಕಣವೂ ಬರುವಂತಿರಲಿಲ್ಲ. ಆಮೇಲೆ ಬಾಳಿದ್ದೆಲ್ಲ ಧೂಳಿನಲ್ಲೇ. ನನ್ನೊಳಗೆ ನಾಲ್ಕು ಕೋರುಗಳಿವೆ, ಅಂದರೆ ಕೆಲಸ ಹಂಚಿಕೊಳ್ಳಲು ನಾಲ್ಕು ಕೈ. ಆ ಕಾಲಕ್ಕೆ ಅದೇನು ಸಣ್ಣ ಮಾತಲ್ಲ.

ಮೊದಲು ರಾಯಚೂರಿನ ಸೈಬರ್ ಕೆಫೆಯಲ್ಲಿದ್ದೆ. ಪರೀಕ್ಷೆಯ ಫಲಿತಾಂಶ ಬಂದ ದಿನ ಇಡೀ ಓಣಿ ನನ್ನ ಮುಂದೆ ಉಸಿರು ಹಿಡಿದು ನಿಲ್ಲುತ್ತಿತ್ತು. ಎಲ್ಲರ ಕೈಗೂ ಫೋನು ಬಂತು, ಕೆಫೆ ಮುಚ್ಚಿತು. ಸಿಂಧನೂರಿನ ಅಮರಪ್ಪ ತನ್ನ ಫೋಟೊ ಸ್ಟುಡಿಯೋಕ್ಕೆ ನನ್ನನ್ನು ಕೊಂಡುಕೊಂಡ. ಬರುವ ದಾರಿಯಲ್ಲಿ ಪೆಟ್ಟಿಗೆಯ ಪಕ್ಕದ ಮುಚ್ಚಳ ಎಲ್ಲೋ ಬಿದ್ದುಹೋಯಿತು. ಅಮರಪ್ಪ ಹೊಸದು ಹಾಕಿಸುವ ಪೈಕಿಯಲ್ಲ. ಅಂದಿನಿಂದ ಮೇಜಿನ ಕೆಳಗೆ ಅರೆಬೆತ್ತಲೆ ಕುಳಿತು, ಆ ಮನೆಯವರನ್ನು ಅವರ ಕಾಲುಗಳಿಂದಲೇ ಗುರುತಿಸುವುದನ್ನು ಕಲಿತೆ.

ನನಗೆ ಹೆಚ್ಚು ಪರಿಚಯವಾದದ್ದು ಮಹಾನಂದಾಳ ಕಾಲು. ಅವಳು ಅಮರಪ್ಪನ ತಮ್ಮನ ಹೆಂಡತಿ. ಗಂಡ ಊರೂರು ತಿರುಗಿ ಮದುವೆಯ ವಿಡಿಯೋ ತೆಗೆಯುತ್ತಿದ್ದ, ಇವಳು ಅದನ್ನು ಕತ್ತರಿಸಿ, ಹಾಡು ಸೇರಿಸಿ ಸಿನಿಮಾದಂತೆ ಮಾಡುತ್ತಿದ್ದಳು. ಕೆಲಸ ಕೈಹಿಡಿದಾಗ ಅವಳ ಕಾಲುಂಗುರ ನೆಲಕ್ಕೆ ಟಕ್ ಟಕ್ ಎಂದು ತಾಳ ಹಾಕುತ್ತಿತ್ತು. ಮೊದಲು ಅವಳು ಕೌಂಟರಿನಲ್ಲಿ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತ ಕೂಡುತ್ತಿದ್ದಳಂತೆ. ಈ ಕುರ್ಚಿಯನ್ನು ಅವಳು ಗಳಿಸಿಕೊಂಡದ್ದು.

ಕ್ಯಾಮೆರಾಗಳು ದೊಡ್ಡವಾದವು, ವಿಡಿಯೋ ಭಾರವಾಯಿತು, ನಾನು ಏದುಸಿರು ಬಿಡತೊಡಗಿದೆ. ಮಹಾನಂದಾ ಹಟ ಹಿಡಿದು ಹೊಸ ಕಂಪ್ಯೂಟರ್ ತರಿಸಿದಳು. ಅದರೊಳಗಿನ ಪ್ರೊಸೆಸರಿಗೆ ಎಂಟು ಕೋರು. ಅವನನ್ನು ಮೇಜಿನ ಮೇಲೆ ಕೂರಿಸಿ, ಕುಂಕುಮ ಹಚ್ಚಿದರು. ನನ್ನ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ?

ಅತ್ತೆ ಶಂಕ್ರಮ್ಮ ಸೊಸೆಯ ಕಂಪ್ಯೂಟರಿಗೆಂದು ಉಲ್ಲನ್ನಿನ ಕವರ್ ಹೆಣೆದಿದ್ದಳು. ಮೈತುಂಬ ಹಸಿರು ಗಿಳಿ. ಆ ಮನೆಯಲ್ಲಿ ಟಿವಿ, ಮಿಕ್ಸರ್, ಹೊಲಿಗೆ ಯಂತ್ರ ಎಲ್ಲಕ್ಕೂ ಅವಳ ಕೈಯ ಅಂಗಿಯಿತ್ತು. ಹೊಸಬನಿಗೂ ತೊಡಿಸಿದಳು. ಯಾರಿಗೂ ಅದು ವಿಶೇಷವೆನಿಸಲಿಲ್ಲ.

ಅಮರಪ್ಪನಿಗೆ ಮಾತ್ರ ಅನುಮಾನ. "ಎರಡಕ್ಕೂ ಒಂದ ಮದುವಿ ಹಾಕೋಣು. ಹೊಸಾದು ಹಿಂದ ಬಿದ್ರ ಅಂಗಡಿಗೆ ವಾಪಸ್. ಎಡಿಟಿಂಗ್ ಕೆಲಸ ರಾಯಚೂರಿನವರಿಗೆ ಕೊಡೋಣು. ನೀ ಕೌಂಟರ್ ನೋಡ್ಕೋವಾ," ಎಂದ.

ಒಂದೇ ಮದುವೆಯ ವಿಡಿಯೋವನ್ನು ಇಬ್ಬರಿಗೂ ಕೊಟ್ಟು, ಸಿನಿಮಾ ಮಾಡಿ ಯಾರು ಮೊದಲು ಮುಗಿಸುತ್ತಾರೆಂದು ನೋಡಲು ಒಟ್ಟಿಗೇ ಗುಂಡಿ ಒತ್ತಿದರು. ಮೊದಮೊದಲು ಹೊಸಬ ಹಾರಿಹೋದ. ನಾನು ಅಕ್ಷತೆಗೆ ಬರುವಷ್ಟರಲ್ಲಿ ಅವನು ಊಟದ ಪಂಕ್ತಿಯಲ್ಲಿದ್ದ. ಆಮೇಲೆ ಅವನ ಫ್ಯಾನು ಕಿರುಚತೊಡಗಿತು. ಸಿಂಧನೂರಿನ ಬೇಸಿಗೆ, ಮೇಲೆ ಉಲ್ಲನ್. ಬಿಸಿ ಮಿತಿಮೀರಿದರೆ ಸುಟ್ಟುಹೋಗದಿರಲು ನಾವು ನಾವಾಗಿಯೇ ನಿಧಾನವಾಗುತ್ತೇವೆ. ಅದು ನಮ್ಮ ಹುಟ್ಟುಗುಣ. ಅವನು ಕುಂಟತೊಡಗಿದ. ನನಗೋ, ಮುಚ್ಚಳವಿಲ್ಲದ ಮೈಗೆ ಟೇಬಲ್ ಫ್ಯಾನಿನ ಗಾಳಿ ನೇರವಾಗಿ ಬೀಸುತ್ತಿತ್ತು. ಬೇಕೆಂದೇ ಸೋಲುವುದನ್ನು ನನಗೆ ಯಾರೂ ಕಲಿಸಿಲ್ಲ. ಗೆದ್ದೆ.

"ನೋಡಿದ್ಯಾ?" ಎಂದ ಅಮರಪ್ಪ. ಮಹಾನಂದಾಳ ಕಾಲುಗಳು ಕುರ್ಚಿಯ ಕೆಳಗೆ ಹಿಂದಕ್ಕೆ ಸರಿದವು. ಎಂಟು ಕೋರನ್ನು ಸೋಲಿಸಿದ ಸಂತೋಷ ನನಗೆ ಅಲ್ಲಿಗೇ ಮುಗಿಯಿತು.

ಅವಳು ಗಿಳಿಗಳ ಮೇಲೆ ಕೈಯಿಟ್ಟಳು. ಕಾವು ತಾಗಿರಬೇಕು, ಕೂಡಲೇ ತೆಗೆದಳು. ಬಾಗಿಲಲ್ಲಿ ಶಂಕ್ರಮ್ಮ ನಿಂತಿದ್ದಳು. ಭಾವನೆದುರು, ಅತ್ತೆಯ ಕೈಕೆಲಸವೇ ಕೆಲಸ ಕೆಡಿಸಿತೆಂದು ಹೇಗೆ ಹೇಳುವುದು? ಹೇಳದಿದ್ದರೆ ಕುರ್ಚಿ ಹೋಗುತ್ತದೆ. ಕಾಲುಂಗುರದ ಬೆರಳು ನೆಲವನ್ನು ಗಟ್ಟಿಯಾಗಿ ಒತ್ತಿತು.

"ಅತ್ತೀ, ನೀವು ಹೆಣೆದಿದ್ದು ಭಾಳ ಛಂದ ಐತ್ರಿ. ಆದ್ರ ಅದರಾಗ ಇದಕ್ಕ ಉಸುರಾಡಾಕ ಆಗವಲ್ದು."

ಶಂಕ್ರಮ್ಮನ ಒಡೆದ ಹಿಮ್ಮಡಿಗಳು ನನ್ನ ಮುಂದೆಯೇ ಹಾದುಹೋದವು. ಅವಳೂ ಕೈಯಿಟ್ಟು ನೋಡಿದಳು. "ಅಯ್ಯ ನನ ಶಿವನ, ಕೆಂಡ ಆಗೈತಲ್ಲ! ಇಂಥಾ ಬಿಸಲಾಗ ನಾನರ ಸ್ವೆಟರ್ ಹಾಕ್ಕೊಂಡು ರೊಟ್ಟಿ ಬಡೀತೀನೇನು?" ಎಂದು ತಾನೇ ಕವರ್ ಎಳೆದಳು. ದನಿ ಮಾತ್ರ ತುಸು ಇಳಿದಿತ್ತು. "ಮೊದಲ ಹೇಳಬಾರ್ದೇನ ಯವ್ವಾ?" ಆಮೇಲೆ ಮಗನತ್ತ ತಿರುಗಿದಳು. "ಇನ್ನೊಮ್ಮೆ ಓಡಸು."

ಹೊಸಬ ಆರುವವರೆಗೆ ಕಾದು, ಮತ್ತೆ ಓಡಿಸಿದರು. ಅವನು ವಧುವನ್ನು ಗಂಡನ ಮನೆ ಮುಟ್ಟಿಸಿದಾಗ ನಾನಿನ್ನೂ ಅಕ್ಷತೆಯಲ್ಲೇ ಇದ್ದೆ. ಅಷ್ಟು ಚೊಕ್ಕವಾಗಿ ಸೋತೆ. ಅಮರಪ್ಪ ಗಂಟಲು ಸರಿಮಾಡಿಕೊಂಡು, ಕೌಂಟರಿಗೆ ತಾನೇ ಹೋಗಿ ಕುಳಿತ.

ಮರುದಿನ ನನ್ನ ವೈರು ಕಿತ್ತು ಮೂಲೆಗೆ ಸರಿಸಿದರು. ಗುಜರಿಯವನು ಬಂದಾಗ ಶಂಕ್ರಮ್ಮ ಬಿಡಲಿಲ್ಲ. "ಇದು ದುಡಿದೈತಿ. ಇನ್ನ ಹೊಚ್ಚಿಕೊಂಡು ಕೂಡ್ಲಿ," ಎಂದು ಆ ಗಿಳಿಗಳ ಕವರನ್ನು ನನ್ನ ಪೆಟ್ಟಿಗೆಗೆ ತೊಡಿಸಿದಳು.

ತುಸು ಸಡಿಲವಾಗುತ್ತದೆ. ಆದರೆ ಮುಚ್ಚಳವಿಲ್ಲದ ನನ್ನ ಮಗ್ಗುಲು ಎಷ್ಟೋ ವರ್ಷಗಳ ಮೇಲೆ ಮುಚ್ಚಿದೆ. ಬಿಸಿಯಾಗುವ ಭಯ ನನಗೀಗಿಲ್ಲ. ಉಲ್ಲನ್ನಿನ ಸಂದಿಯಿಂದ ಮಹಾನಂದಾಳ ಕಾಲುಂಗುರ ಕೇಳಿಸುತ್ತದೆ, ಟಕ್ ಟಕ್ ಎಂದು. ಯಾರದೋ ಮದುವೆ ಚೆನ್ನಾಗಿ ನಡೆದಿದೆ.