ಹಾಡುಗಾರನ ಜಾಗದಲ್ಲಿ ನೀರು

ಮೇಲವಂಕಿಯ ಕಲ್ಲುಬಯಲಿನಲ್ಲಿ ಜನರೇಟರ್ ಹಚ್ಚಿ ರಾಕ್ ನುಡಿಸುತ್ತಿದ್ದ ತಂಡದ ಹಾಡುಗಳನ್ನೆಲ್ಲ ಕಟ್ಟಿದವನು ಗಿಟಾರಿನ ವೃಷಭ. ಹೆಸರು ಬಂದದ್ದು ಮಾತ್ರ ಹಾಡುಗಾರ ಗುರುಪಾದನಿಗೆ. ಆ ಹೆಸರು ತಲೆಗೇರಿದ ಮೇಲೆ ಅವನು, "ಜನ ನನ್ನ ದನಿ ಕೇಳಾಕ ಬರ್ತಾರ, ನಿನ್ನ ತಂತಿ ಕೇಳಾಕಲ್ಲ" ಎಂದು ವೃಷಭನನ್ನೇ ತಂಡದಿಂದ ಹೊರಹಾಕಿದ.

ವೃಷಭ ಹಲ್ಲು ಕಚ್ಚಿ ಕಾದ. 1999ರಲ್ಲಿ ಒಬ್ಬನೇ ಒಂದು ಕ್ಯಾಸೆಟ್ ತಂದ. ಅವೇ ಹಾಡುಗಳು, ಗುರುಪಾದ ಹಾಡುತ್ತಿದ್ದ ಕಡೆಯಲ್ಲೆಲ್ಲ ಧುಪದಾಳದ ಒಡ್ಡಿನಿಂದ ಧುಮುಕುವ ನೀರಿನ ಸದ್ದು. ಹುಕ್ಕೇರಿ ಸಂತೆಯಲ್ಲಿ ಅದನ್ನು ಕೇಳಿದ ಗುರುಪಾದ ನೇರ ವೃಷಭನ ಮನೆಗೆ ಬಂದ.

"ನನ್ನ ಜಾಗಾದಾಗ ನೀರು ಯಾಕ ಹಾಕಿದಿ?"

ವೃಷಭ ಗಿಟಾರಿನ ತಂತಿ ಬಿಗಿಯುತ್ತಲೇ ಹೇಳಿದ: "ಮೊದಲ ಓಣ್ಯಾಗಿನ ಕತ್ತೆ ಒದರೂದನ್ನ ಹಾಕಿದ್ದೆ. ಕೇಳಿದವರೆಲ್ಲ, ಗುರುಪಾದ ತಿರುಗಿ ಬಂದಾನೇನು ಅಂದ್ರು. ಅದಕ್ಕ ಅಳಿಸಿದೆ."