ಡೆಕ್ಕಿಗೊಂದು ಕಿಂಡಿ

ತೆಂಗಿನ ಸಿಪ್ಪೆಯ ಹೊಗೆ ದೋಣಿಯ ಕ್ಯಾಬಿನ್ನಿನ ನಡುವೆ ಕಂಬದ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಅದು ಯಾವ ಕಡೆಗಾದರೂ ವಾಲುತ್ತದೆಯೇ ಎಂದು ಅರ್ನೆಲ್ಲಾ ಮಂಚದ ಅಂಚಿನಲ್ಲಿ ಕೂತು ಕಾದಳು. ಹೊರಗೆ ಟಿರೆಲ್ ಕೊಲ್ಲಿಯಲ್ಲಿ ಗಾಳಿ ಜೋರಾಗಿಯೇ ಇತ್ತು. ಹಗ್ಗಗಳು ಹಾಯಿಕಂಬಕ್ಕೆ ಪಟಪಟ ಬಡಿಯುತ್ತಿದ್ದವು. ಒಳಗೆ ಮಾತ್ರ ಹೊಗೆ ಅಲುಗಲಿಲ್ಲ. ಕೆಮ್ಮು ಬಂದಾಗ ಸಿಪ್ಪೆಯನ್ನು ಬಕೆಟ್ಟಿನ ನೀರಿಗೆ ಅದ್ದಿ, ಹಾಸಿಗೆ ಮಗುಚಿ ನೋಡಿದಳು. ತಳದಲ್ಲಿ ಅಂಗೈಯಗಲ ಕಪ್ಪು ಬೂಷ್ಟು.

ಮೂವತ್ತು ವರ್ಷದ ಸಂಸಾರ ಮುರಿದಾಗ ಮನೆ ಗಂಡ ರಾಡ್ರಿಕ್‌ನ ಪಾಲಿಗೆ ಹೋಯಿತು, ಇಪ್ಪತ್ತಾರು ಅಡಿಯ ಈ ಹಾಯಿದೋಣಿ ಅವಳ ಪಾಲಿಗೆ ಬಂತು. ಅದನ್ನು ಮಾರಿ ತಂಗಿಯ ಮನೆ ಸೇರುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಎರಡು ಪಾತ್ರೆ, ಒಂದು ಹೊಲಿಗೆ ಯಂತ್ರ ಹೊತ್ತುಕೊಂಡು ದೋಣಿ ಹತ್ತಿದಳು. ಏಳು ತಿಂಗಳಾಗಿತ್ತು. ಗಾಳಿಯಾಡದ ಕ್ಯಾಬಿನ್ನು ಹಗಲಲ್ಲಿ ಒಲೆಯ ಹಾಗೆ ಕಾಯುತ್ತಿತ್ತು. ದಡದ ರಮ್ ಅಂಗಡಿಯ ಮುಂದೆ ಹಾದರೆ ಗಂಡಸರು, "ಇನ್ನೂ ಬೆಂದಿಲ್ವಾ ಅರ್ನೆಲ್ಲಾ?" ಎನ್ನುತ್ತಿದ್ದರು.

"ಬೆಂದ ಮೇಲೆ ತಟ್ಟೆ ತಗೊಂಡು ಬನ್ನಿ, ಕರೀತೀನಿ" ಎಂದು ದಾಟುತ್ತಿದ್ದಳು. ಎಷ್ಟೋ ಸಲ ಇಡೀ ದಿನಕ್ಕೆ ಅವಳಾಡಿದ ಮಾತು ಅದೊಂದೇ ಆಗಿರುತ್ತಿತ್ತು. ಈಚೆಗೆ ಉಸಿರೆಳೆದರೆ ಎದೆಯಲ್ಲಿ ಸಿಳ್ಳೆ. ಒಣಗಿದ ಜಾಗದಲ್ಲಿ ಮಲಗದಿದ್ದರೆ ಮಳೆಗಾಲ ದಾಟುವುದಿಲ್ಲ ಎಂದು ನರ್ಸು ಖಂಡಿತವಾಗಿ ಹೇಳಿದ್ದಳು.

ಅರ್ನೆಲ್ಲಾ ಬಸ್ಸು ಹಿಡಿದು ವಿಂಡ್‌ವರ್ಡ್ ಹಳ್ಳಿಗೆ ಹೋದಳು. ದೋಣಿ ಕಟ್ಟಿದ ಮುದುಕ ಯೂಸ್ಟಸ್ ಮರದ ನೆರಳಲ್ಲಿ ಉಳಿ ಮಸೆಯುತ್ತಿದ್ದ.

"ಮಾಮ, ಮುಂದುಗಡೆ ಡೆಕ್ಕಲ್ಲಿ ಒಂದು ಕಿಂಡಿ ಕೊಯ್ದುಕೊಡು. ಒಂದೂವರೆ ಅಡಿ ಸಾಕು. ಗಾಳಿ ಹೊರಗೆ ಹೋಗೋಕೆ ಹಿಂದಿನ ಬಾಗಿಲಿದೆ, ಒಳಗೆ ಬರೋಕೆ ದಾರಿನೇ ಇಲ್ಲ."

ಯೂಸ್ಟಸ್ ತಲೆಯೆತ್ತಲಿಲ್ಲ. "ಆಡಿನ ರಕ್ತ ಚಿಮುಕಿಸಿ ನೀರಿಗೆ ಇಳಿಸಿದ ದೋಣಿ ಅದು. ಇವತ್ತಿನವರೆಗೂ ಡೆಕ್ಕಿಂದ ಒಂದು ಹನಿ ಸೋರಿಲ್ಲ. ನನ್ನ ಕೈಯಾರೆ ತೂತು ಮಾಡ್ಲಾ?"

"ನಾನು ಅದರೊಳಗೆ ಉಸಿರಾಡಬೇಕಲ್ಲ."

"ಬಲೆ, ಹಗ್ಗ ಇಡೋಕೆ ಕಟ್ಟಿದ ಜಾಗ ಅದು. ಬಲೆ ಉಸಿರಾಡಲ್ಲ ಮಗಳೇ. ತಂಗಿ ಮನೆಗೆ ಹೋಗು."

"ತಂಗಿ ಮನೆ ತಂಗೀದು."

ಅವನು ಮತ್ತೆ ಮಸೆಯತೊಡಗಿದ. ಅವಳು ಎದ್ದಳು.

ಮರುದಿನ ಬೆಳಿಗ್ಗೆ ಅವಳೇ ಕ್ಯಾಬಿನ್ನಿನೊಳಗೆ ಅಂಗಾತ ಮಲಗಿ, ಡೆಕ್ಕನ್ನು ಹೊತ್ತ ಎರಡು ತೊಲೆಗಳ ನಡುವೆ ಸೀಮೆಸುಣ್ಣದಲ್ಲಿ ಚೌಕ ಬರೆದಳು. ನಾಲ್ಕು ಮೂಲೆಗೆ ಬೈರಿಗೆ ಹಾಕಿ, ಮೇಲೆ ಹತ್ತಿ, ಸಣ್ಣ ಗರಗಸದಿಂದ ಕೊಯ್ಯತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಅಂಗೈ ಬೊಬ್ಬೆಯೆದ್ದಿತ್ತು. ಹಲಗೆ ಧೊಪ್ಪೆಂದು ಒಳಗೆ ಬಿತ್ತು. ಮುಚ್ಚಳವಿಲ್ಲ, ಚೌಕಟ್ಟಿಲ್ಲ, ಗ್ರೆನಾಡಾ ದ್ವೀಪದ ಕಡೆಯಿಂದ ಮೋಡ ಏರುತ್ತಿತ್ತು. ತನ್ನದೆನ್ನುವ ಒಂದೇ ವಸ್ತುವನ್ನು ತಾನೇ ಹಾಳುಮಾಡಿಕೊಂಡೆನೇನೋ ಎಂದುಕೊಳ್ಳುತ್ತ ಅವಳು ಟಾರ್ಪಾಲು ಎಳೆದು ಮುಚ್ಚಿ, ಅದರ ಮೇಲೆಯೇ ಕೂತುಬಿಟ್ಟಳು. ಮಳೆ ಬಂದು ಹೋಯಿತು. ಅವಳು ಏಳಲಿಲ್ಲ.

ಮಾರನೆಯ ದಿನ ದೋಣಿಯ ಪಕ್ಕಕ್ಕೆ ಏನೋ ತಾಗಿದ ಸದ್ದಾಯಿತು. ಯೂಸ್ಟಸ್ ಪುಟ್ಟ ದೋಣಿಯೊಂದನ್ನು ತಾನೇ ಹುಟ್ಟುಹಾಕಿಕೊಂಡು, ಹಲಗೆ, ಪೆಟ್ಟಿಗೆ ಸಮೇತ ಬಂದಿದ್ದ. ಚಪ್ಪಲಿ ಬಿಟ್ಟು ಹತ್ತಿದ. ಕಿಂಡಿಯ ಅಂಚನ್ನು ಹೆಬ್ಬೆರಳಿನಿಂದ ಸುತ್ತಲೂ ಸವರಿದ.

"ಇಲಿ ಕಡಿದ ಹಾಗಿದೆ" ಎಂದ. ಆಮೇಲೆ ಕಿಂಡಿಯೊಳಗೆ ತಲೆ ತೂರಿಸಿ ನೋಡಿ, "ತೊಲೆ ಮಾತ್ರ ಮುಟ್ಟಿಲ್ಲ ನೀನು."

ಇಬ್ಬರೂ ಸೇರಿ ಸುತ್ತಲೂ ನೀರು ನುಗ್ಗದಂತೆ ಗೇಣೆತ್ತರದ ಹಲಗೆಯ ಕಟ್ಟೆ ನಿಲ್ಲಿಸಿದರು. ಮುಂದಕ್ಕೆ ಬಾಯಿ ತೆರೆಯುವ ಮುಚ್ಚಳ ಕೂರಿಸಿದರು. ಹಾಸಿಗೆಯ ಕೆಳಗೆ ನೀರು ನಿಲ್ಲದಂತೆ ಮರದ ಪಟ್ಟಿಗಳನ್ನು ಬಿಡಿಬಿಡಿಯಾಗಿ ಹೊಡೆದರು. ಹಳೆಯ ಹಾಯಿಬಟ್ಟೆಯಿಂದ ಅವಳು ಹೊಲಿದಿಟ್ಟಿದ್ದ ಜೋಳಿಗೆಯನ್ನು ಕಿಂಡಿಯ ಮೇಲೆ ಎತ್ತಿ ಕಟ್ಟಿದಾಗ ಅದು ಗಾಳಿ ತುಂಬಿಕೊಂಡು ಉಬ್ಬಿ, ಗಾಳಿಯನ್ನು ಕಿಂಡಿಯೊಳಕ್ಕೆ ದಬ್ಬಿತು.

"ಇದನ್ನ ಯಾರು ಹೇಳಿಕೊಟ್ರು?"

"ಇಷ್ಟು ವರ್ಷ ನಿಮ್ಮ ಹಾಯಿಗಳನ್ನೆಲ್ಲ ಹೊಲಿದವಳು ಯಾರು ಮಾಮ?"

ಮುದುಕ ನಕ್ಕ. ಆಮೇಲೆ ಪೆಟ್ಟಿಗೆಯೊಳಗೆ ಸಾಮಾನು ಜೋಡಿಸುತ್ತ, ಅವಳ ಮುಖ ನೋಡದೆ ಹೇಳಿದ:

"ಇದನ್ನ ಕಟ್ಟುವಾಗ ಬುತ್ತಿ ತಗೊಂಡು ಬರ್ತಿದ್ದೆಯಲ್ಲ, ಹೊಸ ಮದುವಣಗಿತ್ತಿ. ಒಂದಿನ ಒಳಗೆ ಬಗ್ಗಿ ನೋಡಿ, ಇಲ್ಲಿಗೆ ಗಾಳಿ ಎಲ್ಲಿಂದ ಬರುತ್ತೆ ಅಂತ ಕೇಳಿದೆ. ನಾವೆಲ್ಲ ಹೊಟ್ಟೆ ಹಿಡಕೊಂಡು ನಕ್ವಿ. ರಾಡ್ರಿಕ್ ಎಲ್ಲರಿಗಿಂತ ಜಾಸ್ತಿ ನಕ್ಕ."

"ನಾನು ಕೇಳಿದ್ನಾ? ನನಗೆ ನೆನಪೇ ಇಲ್ಲ."

"ನನಗಿದೆ" ಎಂದ ಯೂಸ್ಟಸ್.

ಊಟಕ್ಕೆ ನಿಲ್ಲು ಎಂದಳು. ಮನೆಯಲ್ಲಿ ಕಾಯುತ್ತಾರೆ ಎಂದು ಇಳಿದುಹೋದ. ಅವನು ದಡ ಸೇರುವವರೆಗೂ ಹುಟ್ಟಿನ ಸದ್ದು ಕೇಳಿಸುತ್ತಿತ್ತು.

ಅರ್ನೆಲ್ಲಾ ಕ್ಯಾಬಿನ್ನಿಗೆ ಇಳಿದಳು. ಕುತ್ತಿಗೆಯ ಬೆವರು ಆರುತ್ತಿತ್ತು. ಕಿಂಡಿಯಿಂದ ಬಿದ್ದ ಚೌಕ ಬಿಸಿಲು ನೆಲದ ಮೇಲಿತ್ತು. ಅವಳು ಅದರೊಳಗೆ ಎರಡೂ ಪಾದ ಇಟ್ಟು ಸ್ಟೂಲಿನ ಮೇಲೆ ಕೂತಳು. ಲಂಗರಿನ ಸುತ್ತ ದೋಣಿ ಮೆಲ್ಲಗೆ ತಿರುಗಿತು. ಬಿಸಿಲು ಜಾರಿ ಗೋಡೆಯತ್ತ ಹೋಯಿತು. ಅವಳು ಸ್ಟೂಲನ್ನು ಎಳೆದುಕೊಂಡು ಬಿಸಿಲಿನ ಹಿಂದೆ ಹೋದಳು.