ತಳದ ಮೀನಿನ ಕಣ್ಣು

ತಳ ಕಾಣಿಸುತ್ತಿರಲಿಲ್ಲ.

ತಾರಸಿಯ ಮೇಲೆ ಗಾಳಿ ತುಂಬಿ ನಿಲ್ಲಿಸಿದ್ದ ಪ್ಲಾಸ್ಟಿಕ್ ಕೊಳದ ಅಂಚಿಗೆ ಅವಳು ಮೊಣಕಾಲೂರಿ ಬಗ್ಗಿದಳು. ಕೊಳದ ತಳದಲ್ಲಿ ಕಿತ್ತಳೆ ಬಣ್ಣದ ಮೀನೊಂದರ ಚಿತ್ರವಿತ್ತು. ಆ ಮೀನಿನ ಕಣ್ಣು ಅಂಚಿನಿಂದಲೇ ಕಾಣಬೇಕು, ಕಾಣದಿದ್ದರೆ ಮಗುವನ್ನು ನೀರಿಗಿಳಿಸಕೂಡದು ಎಂಬುದು ವ್ಯಾಯಾಮ ಚಿಕಿತ್ಸೆಯ ಮೇಡಂ ಅವರ ಕಟ್ಟಪ್ಪಣೆ. ಇಂದು ಕಣ್ಣು ಹಾಗಿರಲಿ, ಮೀನೇ ಇರಲಿಲ್ಲ. ಹಾಲಿನ ಪಾತ್ರೆ ತೊಳೆದ ನೀರಿನಂಥ ಮಬ್ಬು. ಒಳಗೋಡೆಗೆ ಕೈ ಸವರಿದರೆ ಲೋಳೆ.

ಮೇಡಂ ಬರುವುದು ನಾಳೆ ಬೆಳಿಗ್ಗೆ. ಹಿಂದೊಮ್ಮೆ ಬಂದ ಜ್ವರ ಹೋಗುವಾಗ ಮಗಳ ಕಾಲಿನ ಬಲವನ್ನೂ ಕೊಂಡೊಯ್ದಿತ್ತು. ನೆಲದ ಮೇಲೆ ನಿಲ್ಲಲಾರದ ಹುಡುಗಿ ಸೊಂಟಮಟ್ಟದ ನೀರಿನಲ್ಲಿ ನಿಲ್ಲುತ್ತಿದ್ದಳು. "ಈ ಅಂಚಿಂದ ಆ ಅಂಚಿಗೆ ಏನೂ ಹಿಡಿಯದೆ ದಾಟಲಿ, ಆಮೇಲೆ ನೆಲದ ಮೇಲೆ ಶುರು ಮಾಡೋಣ," ಎಂದಿದ್ದರು ಮೇಡಂ. "ನಡುವೆ ಮಾತ್ರ ಬಿಡಬೇಡಿ. ಬಿಟ್ರೆ ಬಂದಿರೋ ಬಲವೂ ಹೋಗುತ್ತೆ."

ನೀರು ಚೆಲ್ಲಿ ಹೊಸದು ತುಂಬುವಂತಿರಲಿಲ್ಲ. ಬೇಸಿಗೆಗೆಲ್ಲ ಒಂದೇ ಸಲ ಎಂದು ಮನೆ ಮಾಲೀಕ ಷರತ್ತು ಹಾಕಿದ್ದ. ಹಾಗಾಗಿ ಆ ನೀರನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕಾಗಿತ್ತು. ಮಗಳ ಪಾದವನ್ನು ಬಕೆಟ್ಟಿನಲ್ಲಿ ತೊಳೆದೇ ಇಳಿಸಬೇಕು. ಬಿದ್ದ ಹುಳುಹುಪ್ಪಟೆಯನ್ನು ಚಹಾ ಸೋಸುವ ಜರಡಿಯಲ್ಲಿ ಎತ್ತಬೇಕು. ಬ್ಲೀಚಿಂಗ್ ಪುಡಿಯನ್ನು ಬೇರೆ ಬಕೆಟ್ಟಿನಲ್ಲಿ ಕದಡಿ, ಗಸಿ ತಳಕ್ಕಿಳಿದ ಮೇಲೆ, ಮೇಲಿನ ತಿಳಿಯನ್ನಷ್ಟೇ ಕೊಳಕ್ಕೆ ಸುರಿಯಬೇಕು. ಇಷ್ಟನ್ನೂ ಗಂಡ ಹೆಂಡತಿ ಇಬ್ಬರೂ ಮಾಡುತ್ತಿದ್ದರು, ಒಬ್ಬರೊಡನೊಬ್ಬರು ಮಾತಾಡದೆ.

"ಜ್ವರ ಬಂದ ದಿನಾನೇ ಆಸ್ಪತ್ರೆಗೆ ಹೋಗಿದ್ರೆ ಹೀಗಾಗ್ತಿರಲಿಲ್ಲ," ಎಂದು ಅವನೊಮ್ಮೆ ಅಂದುಬಿಟ್ಟಿದ್ದ. ಅಂದಿನಿಂದ ಅವಳು ಬಾಯಿಗೆ ಬೀಗ ಜಡಿದುಕೊಂಡಳು. ಅವನೂ ಜಡಿದುಕೊಂಡ. ಮಾತೇನಿದ್ದರೂ ನಡುಮನೆಯ ಮಂಚದ ಮೇಲೆ ಕುಳಿತ ಮಗಳ ಮೂಲಕವೇ ಸಾಗಬೇಕು.

"ಕಪ್ಪೆಮರೀ, ನಿಮ್ಮಪ್ಪನಿಗೆ ಹೇಳು, ಊಟ ಆರಿ ತಣ್ಣಗಾಯ್ತು."

"ಅಪ್ಪಾ, ಅಮ್ಮ ನಿನಗೋಸ್ಕರ ಊಟ ಮಾಡದೇ ಕಾಯ್ತಿದ್ದಾಳಂತೆ. ಪಾಪ, ಹಸಿವಂತೆ."

"ಏಯ್, ನಾನೆಲ್ಲಿ ಹಾಗಂದೆ?"

"ಬಾಯಲ್ಲಿ ಅನ್ನಲಿಲ್ಲ. ಮುಖದಲ್ಲಿ ಅಂದೆ."

ಇಂಥ ಹೊತ್ತಿನಲ್ಲಿ ಅವಳಿಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು. ಆದರೂ ತಡೆಯುತ್ತಿದ್ದಳು.

ಸಂಜೆ ಅವಳು ಕೊಳದ ಫಿಲ್ಟರ್ ಬಿಚ್ಚಿ ತೊಳೆದಳು, ಲೋಳೆಯನ್ನು ಉಜ್ಜಿ ತೆಗೆದಳು, ಪುಡಿಯ ತಿಳಿಯನ್ನು ಅಳತೆಗೆ ಸರಿಯಾಗಿ ಸುರಿದು ಟಾರ್ಪಾಲು ಹೊದಿಸಿ ಕೆಳಗಿಳಿದಳು. ಗಂಡ ಲಿಫ್ಟ್ ಮೆಕ್ಯಾನಿಕ್. ಅವನು ಮನೆಗೆ ಬಂದು, ಮತ್ತೆ ಯಾವುದೋ ಕಟ್ಟಡದ ಕರೆಗೆ ಹೊರಡುವ ಅವಸರದಲ್ಲಿದ್ದ. ಅವಳು ಒಳಕೋಣೆಯ ಹೊಲಿಗೆ ಯಂತ್ರದ ಮುಂದೆ ಕುಳಿತೇ ಮಗಳಿಗೆ ಕೂಗಿ ಹೇಳಿದಳು:

"ಕಪ್ಪೆಮರೀ, ಪುಡಿ ಹಾಕಾಗಿದೆ. ನಿಮ್ಮಪ್ಪ ಸುಮ್ನೆ ಅದಕ್ಕೆ ಕೈ ಹಾಕೋದು ಬೇಡ ಅನ್ನು."

ಯಂತ್ರದ ಸದ್ದಿನಲ್ಲಿ ಮಗಳು ಹೇಳಿದ್ದೇನೆಂದು ಕೇಳಿಸಲಿಲ್ಲ. ಕೇಳಿಸಿದ್ದು ಅವನ ಹೆಜ್ಜೆ. ಮೆಟ್ಟಿಲುಗಳನ್ನು ಹಾರಿಹಾರಿ ಮೇಲೇರುತ್ತಿದ್ದ. ಜೊತೆಗೆ ಸಿಳ್ಳೆ. ಅವನ ಸಿಳ್ಳೆ ಕೇಳಿ ಎಷ್ಟು ಕಾಲವಾಗಿತ್ತು.

ಸೂಜಿ ನಿಂತಿತು. ಬೇಡ ಎಂದರೂ ಅವನು ಮೇಲೇಕೆ ಹೋದ? ಎದ್ದು ಬಾಗಿಲಿಗೆ ಬಂದು ಒಂದು ಮಾತು ಕೇಳಿದ್ದರೆ ತೀರುತ್ತಿತ್ತು. ಆದರೆ ಕೇಳಿದರೆ ಮೊದಲು ಸೋತವಳು ತಾನೇ ಆದಂತೆ. ಒಣಗಿದ ಬಟ್ಟೆ ತರಲು ಹೋಗಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಯಂತ್ರ ಮತ್ತೆ ಓಡಿತು.

ಬೆಳಿಗ್ಗೆ ಟಾರ್ಪಾಲು ಸರಿಸಿದಾಗ ಬ್ಲೀಚಿಂಗ್ ವಾಸನೆ ಮೂಗಿಗೆ ಹೊಡೆಯಿತು. ರಾತ್ರಿಯೆಲ್ಲ ಮುಚ್ಚಿಟ್ಟದ್ದಕ್ಕೆ ಇರಬೇಕು ಎಂದುಕೊಂಡಳು. ನೀರು ಮಾತ್ರ ತಿಳಿಯಾಗಿತ್ತು. ಮೀನು ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿತ್ತು. ಆ ಕಣ್ಣಿನಾಚೆ, ದೂರದ ಅಂಚಿನ ಬುಡದಲ್ಲಿ ಬಿಳಿಯ ಹುಡಿ ಕೂತಿದ್ದುದನ್ನು ಅವಳು ಗಮನಿಸಲಿಲ್ಲ.

ಮೇಡಂ ಬರುವ ಮುನ್ನ ಒಮ್ಮೆ ದಾಟಿಸಿ ನೋಡುವ ಆಸೆ ಅವಳಿಗೆ. ಮಗಳ ಪಾದ ತೊಳೆದು ನೀರಿಗಿಳಿಸಿ ಕೈ ಬಿಟ್ಟಳು. ಅವನು ಎದುರಿನ ಅಂಚಿನಲ್ಲಿ ಕೈ ಚಾಚಿ ಕುಳಿತಿದ್ದ.

ಮಗಳು ಒಂದು ಹೆಜ್ಜೆ ಇಟ್ಟಳು. ತೂಗಾಡಿದಳು. ಇನ್ನೊಂದು ಇಟ್ಟಳು.

"ಹಿಡೀಬೇಡಿ," ಎಂದಳು ತಾನೇ. "ಯಾರೂ ಹಿಡೀಬೇಡಿ."

ಮೀನಿನ ಬಾಲ ದಾಟಿತು, ಹೊಟ್ಟೆ ದಾಟಿತು. ಅಪ್ಪನ ಬೆರಳಿಗೆ ಗೇಣು ಉಳಿದಿತ್ತು. ಆಗ ಪಾದದಡಿಯಿಂದ ಬಿಳಿಯದೊಂದು ಮೋಡ ಎದ್ದಿತು. ಮಗಳು ಉರಿಗೆ ಕಾಲೆಳೆದುಕೊಂಡಳು, ಮುಗ್ಗರಿಸಿದಳು, ಕಣ್ಣು ತೆರೆದಂತೆಯೇ ಮುಖಪೂರ್ತಿ ಆ ಮೋಡದೊಳಗೆ ಬಿದ್ದಳು.

ಮೇಡಂ ಮೆಟ್ಟಿಲೇರಿ ಬಂದಾಗ ಇಬ್ಬರೂ ಮಗುವನ್ನು ನಲ್ಲಿಯ ಕೆಳಗೆ ಹಿಡಿದಿದ್ದರು. ಚೀರಿ ಚೀರಿ ಅದರ ಗಂಟಲು ಕಟ್ಟಿತ್ತು. "ನಿಲ್ಲಿಸಬೇಡಿ, ಕಣ್ಣಿಗೆ ನೀರು ಬಿಡ್ತಾನೇ ಇರಿ," ಎಂದ ಮೇಡಂ ಆಸ್ಪತ್ರೆಗೆ ಫೋನ್ ಮಾಡತೊಡಗಿದರು.

"ನೀವ್ಯಾಕೆ ಪುಡಿ ಹಾಕಿದ್ರಿ?" ಅಷ್ಟು ಕಾಲದ ಬಳಿಕ ಅವಳು ಗಂಡನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. "ಅದೂ ಕದಡದೆ."

"ಕರೆ ಬಂದಿತ್ತು, ಕದಡೋಕೆ ಹೊತ್ತಿರಲಿಲ್ಲ, ಹಾಗೇ ಉದುರಿಸಿದೆ. ನೀನೇ ತಾನೇ ಹೇಳಿ ಕಳಿಸಿದ್ದು?"

"ನಾನಾ?"

"ನೀರು ನೀವೇ ನೋಡ್ಕೊಳ್ಳಿ, ನಿಮ್ಮಷ್ಟು ಚೆನ್ನಾಗಿ ನನಗೆ ಬರಲ್ಲ ಅಂತ."

ಇಬ್ಬರೂ ಮಗಳತ್ತ ತಿರುಗಿದರು. ಮುಚ್ಚಿದ ರೆಪ್ಪೆ ಕೆಂಪಗೆ ಊದಿತ್ತು.

"ಅಮ್ಮ ಅಂದಿದ್ದು ಚೆನ್ನಾಗಿರಲಿಲ್ಲ," ಎಂದಿತು ಮಗು. "ಅದಕ್ಕೆ ಚೆನ್ನಾಗಿ ಮಾಡಿ ಹೇಳಿದೆ."

ಕಣ್ಣು ಉಳಿಯಿತು. ಪಾದದ ಚರ್ಮ ಸುಲಿದು ಮತ್ತೆ ಬಂತು. ಕೊಳವನ್ನು ಬಿಸಿಲಿಗೆ ತೆರೆದಿಡಿ, ಪುಡಿಯ ಖಾರವೆಲ್ಲ ಹಾರಿಹೋಗುತ್ತೆ ಎಂದರು ಮೇಡಂ. ಹಾಗೇ ಆಯಿತು. ಅವನು ತಳದ ಹುಡಿಯನ್ನು ಕೊಳವೆಯಿಂದ ಹೀರಿ ತೆಗೆದ, ಅವಳು ಫಿಲ್ಟರ್ ತೊಳೆದಳು. ಈಗ ಮಾತಿಗೆ ಕೊರತೆಯಿರಲಿಲ್ಲ. ಜರಡಿ ಎಲ್ಲಿ, ಪುಡಿ ಯಾರು ಹಾಕಿದ್ದು, ಎಷ್ಟು ಎಂದು ಪ್ರತಿಯೊಂದನ್ನೂ ಕೇಳಿಕೊಂಡು ಮಾಡುತ್ತಿದ್ದರು. ನೀರು ಹಿಂದೆಂದೂ ಇಷ್ಟು ಶುದ್ಧವಾಗಿರಲಿಲ್ಲ.

ಮಗಳು ಮಾತ್ರ ತಾರಸಿಯ ಬಾಗಿಲು ದಾಟಲಿಲ್ಲ. ಎತ್ತಿಕೊಂಡು ಹೋದರೆ ಸೆಟೆದುಕೊಂಡು ಕಿರುಚುತ್ತಿದ್ದಳು. ಈಗ ಅವಳು ಯಾರ ಮಾತನ್ನೂ ಯಾರಿಗೂ ಮುಟ್ಟಿಸುತ್ತಿರಲಿಲ್ಲ. ಕೇಳಿದ್ದಕ್ಕೆ ತಲೆಯಾಡಿಸುವಳು, ಅಷ್ಟೇ.

ಮೇಡಂ ಟೇಪು ಹಿಡಿದು ಮಗಳ ಕಾಲಿನ ಮೀನಖಂಡ ಅಳೆದರು. ಇನ್ನೊಮ್ಮೆ ಬಂದಾಗ ಮತ್ತೆ ಅಳೆದರು; ಸುತ್ತಳತೆ ಇಳಿದಿತ್ತು. ಟೇಪು ಸುತ್ತಿದರು.

"ಭಯ ಹೋಗೋವರೆಗೂ ಕಾಯೋಣ ಅಲ್ವಾ ಮೇಡಂ?" ಎಂದು ಅವಳು ಕೇಳಿದಳು.

"ನೀವು ಕಾಯ್ತೀರಮ್ಮ. ಕಾಲು ಕಾಯಲ್ಲ."

ಒಂದು ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಬಟ್ಟೆ ಸಮೇತ ಕೊಳಕ್ಕಿಳಿದರು. ಅವಳು ಬೊಗಸೆಯಲ್ಲಿ ನೀರು ತುಂಬಿ, ತೆರೆದ ಕಣ್ಣಿಗೆ ಎರಚಿಕೊಂಡಳು. "ನೋಡೇ ಬಂಗಾರ, ಒಂಚೂರೂ ಉರಿಯಲ್ಲ." ಅವನು ಕಪ್ಪೆಯಂತೆ ಕೂತು ವಟಗುಟ್ಟಿದ. ಬಾಗಿಲಲ್ಲಿ ಕುರ್ಚಿಯ ಮೇಲಿದ್ದ ಮಗಳು ನಗಲಿಲ್ಲ. ಆದರೆ ಅಂದು ಅವನು ಬಂದು ಎತ್ತಿಕೊಂಡಾಗ ಕಿರುಚಲೂ ಇಲ್ಲ. ಅವನ ಕುತ್ತಿಗೆಯನ್ನು ತಬ್ಬಿ ಮುಖ ಹುದುಗಿಸಿದಳು.

ತಾಯಿ ನೀರಿನಲ್ಲೇ ಮುಂದೆ ಬಂದಳು. ಒಪ್ಪಿದಳೇ?

ಅವನು ಅಂಚನ್ನು ದಾಟಿ ಮೆಲ್ಲಗೆ ಬಗ್ಗಿದ. ಕಾಲ್ಬೆರಳ ತುದಿಗೆ ನೀರು ತಾಗಿದ್ದೇ ತಡ, ಮಗು ಕಾಲನ್ನು ಮೇಲೆಳೆದುಕೊಳ್ಳಲು ಹೆಣಗಿತು. ಹಲ್ಲು ಕಚ್ಚಿತು, ಹಣೆಯ ಮೇಲೆ ಬೆವರೊಡೆಯಿತು. ಕಾಲುಗಳು ಮೇಲೇಳಲಿಲ್ಲ. ತೊಡೆ ಸಣ್ಣಗೆ ನಡುಗಿತು, ಅಷ್ಟೇ. ಪಾದಗಳು ಒದ್ದೆ ಬಟ್ಟೆಯಂತೆ ನೀರಿನೊಳಗೇ ಜೋತುಬಿದ್ದವು.

"ಎತ್ತಮ್ಮಾ," ಎಂದಿತು ಮಗು, ಪಿಸುಮಾತಿನಲ್ಲಿ. "ನಂಗೆ ಎತ್ತೋಕೆ ಬರ್ತಿಲ್ಲ."

ಅವಳು ಬಗ್ಗಿ ಆ ಎರಡು ಪಾದಗಳನ್ನು ಅಂಗೈಯಲ್ಲಿ ಹಿಡಿದು ನೀರಿನಿಂದ ಮೇಲೆತ್ತಿದಳು.